ಹೊಸ ಟಿವಿಗೆ ಹಳೆಯ ಪ್ಲೇಸ್ಟೇಷನ್ ಜೋಡಿಸುವ ಬಗೆ

ದಿಲ್ಲಿಯ ಕೆಂಪುಕೋಟೆಯ ಎದುರಿಗಿರುವ ಲಾಜಪತ್ ರಾಯ್ ಮಾರ್ಕೆಟ್ಟಿಗೆ ಹೋಗಿ, "ಮನೆಯಲ್ಲಿ ಪಿಎಸ್2 ಇದೆ, ಹೊಸ ಟಿವಿಗೆ ಹಾಕಬೇಕು" ಎಂದು ಕೇಳಿ ನೋಡಿ. ಅಂಗಡಿಯವನು ಹೆಬ್ಬೆರಳು ಗಾತ್ರದ ಪ್ಲಾಸ್ಟಿಕ್ ತುಂಡೊಂದನ್ನು ಗಾಜಿನ ಮೇಲಿಟ್ಟು "ಎಚ್‌ಡಿಎಂಐ ಹೋ ಜಾಯೇಗಾ" ಎನ್ನುತ್ತಾನೆ. ಮಾತು ಸುಳ್ಳಲ್ಲ. ಪ್ಲಗ್ ಕೂರುತ್ತದೆ, ಚಿತ್ರವೂ ಬರುತ್ತದೆ. ಆದರೆ ಎಂಥ ಚಿತ್ರ ಬರುತ್ತದೆ, ನೀವು ಗುಂಡಿ ಒತ್ತಿದ ಎಷ್ಟು ಹೊತ್ತಿಗೆ ಪರದೆಯ ಮೇಲಿನ ಬ್ಯಾಟ್ಸ್‌ಮನ್ ಬ್ಯಾಟ್ ಬೀಸುತ್ತಾನೆ ಎಂಬುದನ್ನು ಆ ತುಂಡಿನ ಮೇಲೆ ಯಾರೂ ಬರೆದಿರುವುದಿಲ್ಲ. ಎಚ್‌ಡಿಎಂಐ ಎಂಬ ನಾಲ್ಕು ಅಕ್ಷರ ಪ್ಲಗ್ಗಿನ ಆಕಾರವನ್ನು ಹೇಳುತ್ತದೆ, ಅಷ್ಟೇ. ಅದರೊಳಕ್ಕೆ ಎಲ್ಲಿಂದ, ಯಾವ ಸಿಗ್ನಲ್ ಹೋಗುತ್ತಿದೆ ಎಂದು ತಿಳಿದುಕೊಂಡ ಮೇಲೆಯೇ ಜೇಬಿಗೆ ಕೈಹಾಕಬೇಕು.

ಇಷ್ಟು ಹಳೆಯ ಯಂತ್ರಕ್ಕೆ ಇಷ್ಟೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಪಿಎಸ್2 ಮಾರುಕಟ್ಟೆಗೆ ಬಂದದ್ದು 2000ದಲ್ಲಿ. ತಯಾರಿಕೆ ನಿಲ್ಲಿಸಿದ್ದನ್ನು ಸೋನಿ ಖಚಿತಪಡಿಸಿದ್ದು 2013ರ ಜನವರಿಯಲ್ಲಿ. ಅಷ್ಟರಲ್ಲಿ ಜಗತ್ತಿನಾದ್ಯಂತ 15.5 ಕೋಟಿಗೂ ಹೆಚ್ಚು ಯಂತ್ರಗಳು ಮಾರಾಟವಾಗಿದ್ದವು. ನಮ್ಮ ದೇಶದಲ್ಲೂ ಅದು ಮಧ್ಯಮ ವರ್ಗದ ಅನೇಕ ಮನೆಗಳೊಳಕ್ಕೆ ಬಂತು. ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಬೆಳೆದ ಕನ್ನಡದ ಹುಡುಗನಿಗೂ, ರಜೆಗೆಂದು ಅವನು ಬರುತ್ತಿದ್ದ ದಾವಣಗೆರೆಯ ಅಜ್ಜಿಮನೆಯ ಪಕ್ಕದ ಗೇಮ್ ಪಾರ್ಲರ್‌ಗೂ ಸಮಾನವಾಗಿದ್ದದ್ದು ಇದೇ ಕಪ್ಪು ಪೆಟ್ಟಿಗೆ, ಇದೇ 'ಕ್ರಿಕೆಟ್ 07'. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಭಾರತದಲ್ಲೇ ತಯಾರಾದ ಮೊದಲ ತಲೆಮಾರಿನ ಕನ್ಸೋಲ್ ಆಟಗಳು ಪಿಎಸ್2ರಲ್ಲಿ ಬಂದವು. 2009ರಲ್ಲಿ 'ಹನುಮಾನ್: ಬಾಯ್ ವಾರಿಯರ್' ಬಂತು. ಅದೇ ವರ್ಷ ಕಬಡ್ಡಿ, ಗಿಲ್ಲಿದಾಂಡು, ಗಾಳಿಪಟಗಳನ್ನು ಆಟವಾಗಿಸಿದ 'ದೇಸಿ ಅಡ್ಡಾ' ಬಂತು. 2010ರಲ್ಲಿ 'ಸ್ಟ್ರೀಟ್ ಕ್ರಿಕೆಟ್ ಚಾಂಪಿಯನ್ಸ್', 2011ರಲ್ಲಿ 'ರಾ.ಒನ್' ಬಂದವು. ಇವುಗಳ ಪಿಎಸ್2 ಡಿಸ್ಕನ್ನು ಇಂದಿನ ಪಿಎಸ್5ಕ್ಕೆ ಹಾಕಿದರೆ ಅದು ಓದುವುದಿಲ್ಲ. ಆ ಹಳೆಯ ಯಂತ್ರವನ್ನು ಟಿವಿಗೆ ಜೋಡಿಸುವ ದಾರಿ ಮುಚ್ಚಿಹೋದರೆ ನಮ್ಮ ಆಟಗಳ ಇತಿಹಾಸದ ಒಂದು ಅಧ್ಯಾಯವೇ ನೋಡಸಿಗದಂತಾಗುತ್ತದೆ. ಹಾಗಾಗಿ ಈ ವಿಷಯ ನನಗೆ ಹಳೆಯ ನೆನಪಿನ ಖಯಾಲಿಗಿಂತ ದೊಡ್ಡದು.

ಪೆಟ್ಟಿಗೆಯ ಬೆನ್ನಿನಲ್ಲಿ ಏನಿದೆ

ಪಿಎಸ್2ರ ಹಿಂಭಾಗದಲ್ಲಿ ಚಪ್ಪಟೆಯಾದ ಒಂದು ಕಿಂಡಿ ಇದೆ, 'ಎವಿ ಮಲ್ಟಿ ಔಟ್' ಎಂದು ಅದರ ಹೆಸರು. ಪಿಎಸ್3ಯಲ್ಲಿರುವುದೂ ಇದೇ ಕಿಂಡಿ, ಇದನ್ನು ನೆನಪಿಡಿ, ಮುಂದೆ ಉಪಯೋಗಕ್ಕೆ ಬರುತ್ತದೆ. ಈ ಕಿಂಡಿಯಿಂದ ಹೊರಬರುವ ಚಿತ್ರವೆಲ್ಲ ಅನಲಾಗ್. ಯಂತ್ರದ ಒಳಗೆ ಚಿತ್ರ ಅಂಕಿಗಳ ರೂಪದಲ್ಲೇ ತಯಾರಾಗುತ್ತದೆ, ಆದರೆ ಹೊರಗೆ ಬರುವ ಮುನ್ನ ಅಲೆಗಳಾಗಿ ಬದಲಾಗುತ್ತದೆ. ಪಕ್ಕದಲ್ಲೇ ಇನ್ನೊಂದು ಚೌಕಾಕಾರದ ತೂತಿದೆ, ಆಪ್ಟಿಕಲ್ ಡಿಜಿಟಲ್ ಔಟ್. ಅಂದರೆ ಪಿಎಸ್2ರಿಂದ ಡಿಜಿಟಲ್ ರೂಪದಲ್ಲೇ ಹೊರಬರುವುದು ಧ್ವನಿ ಮಾತ್ರ. ಮನೆಯಲ್ಲಿ ಆಪ್ಟಿಕಲ್ ಇನ್‌ಪುಟ್ ಇರುವ ಸೌಂಡ್‌ಬಾರ್ ಇದ್ದರೆ ಧ್ವನಿಯನ್ನು ಪರಿವರ್ತಕದ ಮೂಲಕ ಕಳಿಸುವುದು ಬೇಡ, ನೇರ ಅಲ್ಲಿಗೇ ಹಾಕಿ. ಡಿಸ್ಕ್ ಇಲ್ಲದೆ ಯಂತ್ರ ಹಚ್ಚಿ ಸಿಸ್ಟಮ್ ಕಾನ್ಫಿಗರೇಷನ್‌ಗೆ ಹೋದರೆ ಅದನ್ನು ಆನ್ ಮಾಡುವ ಆಯ್ಕೆ ಸಿಗುತ್ತದೆ.

ಚಿತ್ರ ಹೊರಬರುವ ಬಗೆಗಳಲ್ಲಿ ಮೇಲು ಕೀಳು ಇದೆ. ಯಂತ್ರದ ಜೊತೆ ಬಂದ ಹಳದಿ, ಬಿಳಿ, ಕೆಂಪು ಪಿನ್ನಿನ ಕೇಬಲ್ ಇದೆಯಲ್ಲ, ಅದರ ಹಳದಿ ಪಿನ್ನಿನಲ್ಲಿ ಬರುವುದು ಕಾಂಪೋಸಿಟ್. ಬೆಳಕು, ಬಣ್ಣ ಎರಡನ್ನೂ ಬೆರೆಸಿ ಒಂದೇ ತಂತಿಯಲ್ಲಿ ಕಳಿಸುವ ಪದ್ಧತಿ ಇದು. ನಮ್ಮ ದೇಶದ ಟಿವಿಯ ಪಾಲ್ ವ್ಯವಸ್ಥೆಯಲ್ಲಿ ಬಣ್ಣದ ಸಿಗ್ನಲ್ 4.43 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ಬೆಳಕಿನ ಸಿಗ್ನಲ್ಲಿನ ಮೇಲೆಯೇ ಕೂತಿರುತ್ತದೆ. ಒಮ್ಮೆ ಅರೆದ ಚಟ್ನಿಯಿಂದ ಕಾಯಿ, ಮೆಣಸಿನಕಾಯಿ ಬೇರೆ ತೆಗೆಯಲಾಗದಂತೆ, ಹೀಗೆ ಬೆರೆತದ್ದನ್ನು ಆಮೇಲೆ ಪೂರ್ತಿ ಬಿಡಿಸಲಾಗುವುದಿಲ್ಲ. ಕೆಂಪು ಅಕ್ಷರಗಳ ಅಂಚಿನಲ್ಲಿ ಇರುವೆ ಹರಿದಂತೆ ಚುಕ್ಕೆಗಳು ಓಡುವುದು ಅದಕ್ಕೇ. ಇದಕ್ಕಿಂತ ಮೇಲಿನದು ಎಸ್-ವಿಡಿಯೋ, ಈಗ ಅದರ ಕಿಂಡಿ ಇರುವ ಟಿವಿಯೇ ಸಿಗುವುದಿಲ್ಲ, ಬಿಡಿ. ಎಲ್ಲಕ್ಕೂ ಮೇಲಿನದು ಕಾಂಪೊನೆಂಟ್ ಮತ್ತು ಆರ್‌ಜಿಬಿ. ಕಾಂಪೊನೆಂಟಿನಲ್ಲಿ ಚಿತ್ರಕ್ಕೆಂದೇ ಹಸಿರು, ನೀಲಿ, ಕೆಂಪು ಮೂರು ಪಿನ್, ಧ್ವನಿಗೆ ಬಿಳಿ, ಕೆಂಪು ಎರಡು, ಒಟ್ಟು ಐದು. ಇಲ್ಲಿ ಬೆಳಕು ಒಂದು ತಂತಿಯಲ್ಲಿ, ಬಣ್ಣ ಇನ್ನೆರಡರಲ್ಲಿ ಬರುವುದರಿಂದ ಕಲಬೆರಕೆ ಇಲ್ಲ. ಪಿಎಸ್3ಗೆಂದು ಮಾರುವ ಕಾಂಪೊನೆಂಟ್ ಕೇಬಲ್ ಪಿಎಸ್2ಕ್ಕೂ ಸರಿಹೊಂದುತ್ತದೆ. ಅಂಗಡಿಯಲ್ಲಿ ಪಿಎಸ್2ರದು ಇಲ್ಲ ಎಂದರೆ ಪಿಎಸ್3ರದು ಕೇಳಿ.

ಇನ್ನೊಂದು ತೊಡಕು ಗೆರೆಗಳದು. ದೂರದರ್ಶನ 1982ರಲ್ಲಿ, ದಿಲ್ಲಿ ಏಷ್ಯನ್ ಗೇಮ್ಸ್ ನಡೆದ ವರ್ಷ, ಬಣ್ಣಕ್ಕೆ ತಿರುಗಿದಾಗ ನಾವು ಆರಿಸಿಕೊಂಡದ್ದು ಪಾಲ್ ಪದ್ಧತಿ. ಅದರಲ್ಲಿ 625 ಗೆರೆ, ಸೆಕೆಂಡಿಗೆ 50 ಬಾರಿ ಪರದೆ ತುಂಬುತ್ತದೆ. ಆದರೆ ಪ್ರತಿ ಬಾರಿ ತುಂಬುವುದು ಅರ್ಧ ಗೆರೆಗಳು ಮಾತ್ರ. ಮೊದಲು ಬೆಸ ಗೆರೆ, ಆಮೇಲೆ ಸಮ ಗೆರೆ. ಇದನ್ನೇ ಇಂಟರ್‌ಲೇಸ್ ಎನ್ನುವುದು, 576ಐ, 480ಐ ಎಂದು ಬರೆಯುವಾಗ ಕೊನೆಗೆ ಬರುವ 'ಐ' ಅದರ ಗುರುತು. ಹಳೆಯ ಪಿಕ್ಚರ್ ಟ್ಯೂಬ್ ಟಿವಿ ಇದಕ್ಕಾಗಿಯೇ ಮಾಡಿದ್ದು. ಇಂದಿನ ಎಲ್‌ಇಡಿ ಪರದೆ ಹಾಗಲ್ಲ, ಅದಕ್ಕೆ ಒಂದೇ ಸಲಕ್ಕೆ ಪೂರ್ತಿ ಚಿತ್ರ ಬೇಕು. ಎರಡು ಅರ್ಧಗಳನ್ನು ಹೊಲಿದು ಒಂದು ಮಾಡುವ ಕೆಲಸವನ್ನು ಯಾರಾದರೂ ಮಾಡಲೇಬೇಕು. ಪಿಎಸ್2ರ ಬಹುಪಾಲು ಆಟಗಳು ಹೀಗೆ ಅರ್ಧರ್ಧವಾಗಿಯೇ ಚಿತ್ರ ಕಳಿಸುತ್ತವೆ. ಹೊಲಿಯುವವರು ಟಿವಿಯೋ, ನಡುವಿನ ಡಬ್ಬಿಯೋ ಎಂಬುದರ ಮೇಲೆ ಚಿತ್ರ ಎಷ್ಟು ತಡವಾಗುತ್ತದೆ, ಅಂಚು ಎಷ್ಟು ನಡುಗುತ್ತದೆ ಎಂಬುದು ನಿಂತಿದೆ.

ಮೊದಲು ಖರ್ಚಿಲ್ಲದ ದಾರಿ

ಏನನ್ನೂ ಕೊಳ್ಳುವ ಮುನ್ನ ಮನೆಯ ಟಿವಿಯ ಹಿಂಭಾಗವನ್ನು ಟಾರ್ಚ್ ಹಿಡಿದು ನೋಡಿ. ಹತ್ತು ಹದಿನೈದು ವರ್ಷದ ಹಿಂದಿನ ಎಲ್‌ಸಿಡಿ ಟಿವಿಗಳಲ್ಲಿ ಐದು ತೂತಿನ ಕಾಂಪೊನೆಂಟ್ ಕಿಂಡಿ ಸಾಮಾನ್ಯವಾಗಿತ್ತು. ಮಲಗುವ ಕೋಣೆಗೆ ತಳ್ಳಿದ ಅಂಥ ಹಳೆಯ ಟಿವಿ ಇದ್ದರೆ ಮುಂದಿನದು ಅರ್ಧ ಓದಿದರೆ ಸಾಕು. ಒಂದು ಕಾಂಪೊನೆಂಟ್ ಕೇಬಲ್ ತಂದು ಹಾಕಿ, ಟಿವಿಯನ್ನು ಗೇಮ್ ಮೋಡ್‌ಗೆ ತನ್ನಿ, ಮುಗಿಯಿತು. ಹೊಸ ಟಿವಿಗಳಲ್ಲೂ ಕೆಲವಕ್ಕೆ ಹೆಡ್‌ಫೋನ್ ತೂತಿನಂಥ 3.5 ಮಿ.ಮೀ. ಎವಿ ಕಿಂಡಿ ಇರುತ್ತದೆ, ಅದಕ್ಕೆ ಮೂರು ಬಣ್ಣದ ಚಿಕ್ಕ ಕೇಬಲ್ ಬರುತ್ತದೆ. ಇದರಲ್ಲಿ ಕಾಂಪೋಸಿಟ್ ಮಾತ್ರ ಹೋಗುವುದು. ಜೊತೆಗೆ ಒಳಗಿನ ಪಿನ್ನುಗಳ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ. ಮಾರ್ಕೆಟ್ಟಿನಲ್ಲಿ ಸಿಕ್ಕ ಕೇಬಲ್ ಹಾಕಿದಾಗ ಚಿತ್ರದ ಬದಲು ಗುಂಯ್ ಎಂಬ ಶಬ್ದ ಬಂದರೆ ಕೇಬಲ್ ಕೆಟ್ಟಿದೆ ಎಂದುಕೊಳ್ಳಬೇಡಿ. ಹಳದಿ ಪಿನ್ನನ್ನು ಕೆಂಪು ಅಥವಾ ಬಿಳಿ ತೂತಿಗೆ ಹಾಕಿ ನೋಡಿ. ಎಷ್ಟೋ ಸಲ ಚಿತ್ರ ಅಲ್ಲಿ ಕಾದಿರುತ್ತದೆ.

ಪಿಕ್ಚರ್ ಟ್ಯೂಬ್ ಟಿವಿ ಇನ್ನೂ ಕೆಲಸ ಮಾಡುತ್ತಿದ್ದರೆ ಅದನ್ನು ಗುಜರಿಯವನಿಗೆ ಕೊಡಬೇಡಿ. ದಿಲ್ಲಿ ಮನೆಗಳಿಂದ ಹೊರಬಿದ್ದ ಹಳೆಯ ಟಿವಿ, ಕಂಪ್ಯೂಟರುಗಳ ರಾಶಿ ಸೇರುವುದು ಸೀಲಂಪುರದ ಕಡೆಗೆ. ಅಲ್ಲಿ ಅದನ್ನು ಒಡೆಯುವವರ ಕೈಗೆ ಬರುವುದು ಸೀಸ ಬೆರೆತ ಗಾಜು. ಆಟಕ್ಕೆ ಮಾತ್ರ ಪಿಕ್ಚರ್ ಟ್ಯೂಬಿಗಿಂತ ಒಳ್ಳೆಯ ಪರದೆ ಇಲ್ಲ. ಅದು ಚಿತ್ರವನ್ನು ಕೂಡಿಟ್ಟು ಹೊಲಿಯುವುದಿಲ್ಲ, ಬಂದ ಗೆರೆಯನ್ನು ಬಂದ ಹಾಗೆ ಬರೆಯುತ್ತದೆ, ಹಾಗಾಗಿ ವಿಳಂಬದ ಪ್ರಶ್ನೆಯೇ ಇಲ್ಲ. ಜಾಗ ಇರುವವರಿಗೆ ನನ್ನ ಮೊದಲ ಸಲಹೆ ಇದೇ.

ಗಾಜಿನ ಮೇಲಿಟ್ಟ ತುಂಡನ್ನು ಪರೀಕ್ಷಿಸುವುದು

ಬಹಳ ಮಂದಿಗೆ ಜಾಗವೂ ಇಲ್ಲ, ಹಳೆಯ ಟಿವಿಯೂ ಇಲ್ಲ. ನೋಯ್ಡಾ, ಗುರುಗ್ರಾಮ, ದ್ವಾರಕಾದ ಫ್ಲ್ಯಾಟುಗಳಲ್ಲಿ ಗೋಡೆಗೆ ಅಂಟಿದ ಟಿವಿಗೆ ಇರುವುದು ಎಚ್‌ಡಿಎಂಐ ಕಿಂಡಿಗಳು ಮಾತ್ರ. ಅವರಿಗೆ ಪರಿವರ್ತಕ ಬೇಕೇ ಬೇಕು. ಇದರಲ್ಲಿ ಮೂರು ಜಾತಿ ಇವೆ.

ಒಂದು, ಕೆಲವು ನೂರು ರೂಪಾಯಿಗೆ ಎಲ್ಲೆಲ್ಲೂ ಸಿಗುವ ಚಿಕ್ಕ ಬಿಳಿ ಅಥವಾ ಕಪ್ಪು ಡಬ್ಬಿ. ಒಂದು ಕಡೆ ಹಳದಿ, ಬಿಳಿ, ಕೆಂಪು ತೂತು, ಇನ್ನೊಂದು ಕಡೆ ಎಚ್‌ಡಿಎಂಐ. ಮೇಲೆ '1080ಪಿ' ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಹಳದಿ ತಂತಿಯ ಬೆರೆತ ಚಿತ್ರವನ್ನೇ ಹಿಗ್ಗಿಸಿ ಕೊಡುವುದು ಇದರ ಕೆಲಸ. 1080ಪಿ ಎಂಬುದು ಹಿಗ್ಗಿಸಿದ ಅಳತೆ, ಸೇರಿಸಿದ ವಿವರವಲ್ಲ. ವಿಳಂಬವನ್ನೂ ಸೇರಿಸುತ್ತದೆ. ಬೇರೆ ದಾರಿ ಇರುವಾಗ ಇದನ್ನು ಕೊಳ್ಳಬೇಡಿ.

ಎರಡು, ಪಿಎಸ್2ರ ಬೆನ್ನಿಗೆ ನೇರ ಕೂರುವ ತುಂಡು. ಅಂಗಡಿಯವನು ತೋರಿಸಿದ್ದು ಇದನ್ನೇ. ಕರೆಂಟಿಗೆ ಒಂದು ಯುಎಸ್‌ಬಿ ತಂತಿ, ಧ್ವನಿಗೆ 3.5 ಮಿ.ಮೀ. ತೂತು ಇರುತ್ತದೆ. ಇವುಗಳಲ್ಲಿ ಚೆನ್ನಾಗಿರುವವು ಕಾಂಪೊನೆಂಟ್ ಸಿಗ್ನಲ್ ಎತ್ತಿಕೊಂಡು ಅದನ್ನು ಅಂಕಿಗೆ ತಿರುಗಿಸಿ ಹಾಗೇ ಮುಂದೆ ತಳ್ಳುತ್ತವೆ. ಹೊಲಿಯುವ ಕೆಲಸ ಟಿವಿಗೆ ಬಿಡುತ್ತವೆ. ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಹೊರಗಿನಿಂದ ನೋಡಲು ಹಾಗೇ ಇರುವ ಕೆಲವು ತುಂಡುಗಳು ಒಳಗೆ ಕಾಂಪೋಸಿಟ್ ಪಿನ್ನನ್ನೇ ಎತ್ತಿಕೊಳ್ಳುತ್ತವೆ. ಎರಡನ್ನೂ ಪ್ಯಾಕೆಟ್ಟಿನಿಂದ ಬೇರ್ಪಡಿಸಲಾಗದು. ಅಂಗಡಿಯಲ್ಲೇ ನಿಂತು ಪರೀಕ್ಷಿಸುವ ಒಂದು ಉಪಾಯ ಇದೆ, ಅದಕ್ಕೆ ಪಿಎಸ್2 ಜೊತೆಗೆ ಇರಬೇಕು. ತುಂಡನ್ನು ಹಾಕಿ, ಡಿಸ್ಕ್ ಇಲ್ಲದೆ ಯಂತ್ರ ಹಚ್ಚಿ. ಸಿಸ್ಟಮ್ ಕಾನ್ಫಿಗರೇಷನ್ ಒಳಗೆ 'ಕಾಂಪೊನೆಂಟ್ ವಿಡಿಯೋ ಔಟ್' ಎಂಬ ಸಾಲು ಇದೆ. ಅದರಲ್ಲಿ ವೈ-ಸಿಬಿ-ಸಿಆರ್ ಮತ್ತು ಆರ್‌ಜಿಬಿ ಎಂದು ಎರಡು ಆಯ್ಕೆ. ಒಂದರಿಂದ ಇನ್ನೊಂದಕ್ಕೆ ಬದಲಿಸಿ. ಚಿತ್ರದ ಬಣ್ಣ ಕೆಟ್ಟು ಹಸಿರೋ ನೇರಳೆಯೋ ಆದರೆ, ಇಲ್ಲವೇ ಚಿತ್ರವೇ ಮಾಯವಾದರೆ, ಸಂತೋಷಪಡಿ. ತುಂಡು ನಿಜವಾಗಿಯೂ ಕಾಂಪೊನೆಂಟ್ ತಂತಿಗಳನ್ನು ಬಳಸುತ್ತಿದೆ ಎಂದರ್ಥ. ಬದಲಿಸಿದರೂ ಪರದೆಯಲ್ಲಿ ಏನೂ ಆಗದಿದ್ದರೆ ಅದು ಕಾಂಪೋಸಿಟ್ ತುಂಡು, ಏಕೆಂದರೆ ಆ ಆಯ್ಕೆಗೂ ಕಾಂಪೋಸಿಟ್ ಪಿನ್ನಿಗೂ ಸಂಬಂಧವಿಲ್ಲ. ವಾಪಸ್ ಕೊಡಿ. ಚಿತ್ರ ಪೂರ್ತಿ ಹೋಗಿ ಮೆನು ಕಾಣದಾದರೆ ಗಾಬರಿ ಬೇಡ, ಮಾಮೂಲಿ ಮೂರು ಬಣ್ಣದ ಕೇಬಲ್ ಹಾಕಿ ಆಯ್ಕೆಯನ್ನು ಹಿಂದಕ್ಕೆ ತನ್ನಿ. ಆ ಕೇಬಲ್ಲನ್ನೂ ಚೀಲದಲ್ಲಿಟ್ಟುಕೊಂಡೇ ಹೋಗಿ.

ಈ ಎರಡನೇ ಜಾತಿಗೆ ಒಂದು ಮಿತಿ ಇದೆ. ಟಿವಿಗಳು ಎಚ್‌ಡಿಎಂಐ ಮೂಲಕ ಬರುವ 480ಐ, 576ಐ ಸಿಗ್ನಲ್ಲನ್ನು ಸಾಮಾನ್ಯವಾಗಿ ಒಪ್ಪುತ್ತವೆ, ಕಂಪ್ಯೂಟರ್ ಮಾನಿಟರುಗಳು ಬಹಳಷ್ಟು ಒಪ್ಪುವುದಿಲ್ಲ. ಮುನೀರ್ಕಾದ ಬಾಡಿಗೆ ಕೋಣೆಯಲ್ಲಿ ಟಿವಿ ಇಲ್ಲದೆ ಮಾನಿಟರಿಗೇ ಜೋಡಿಸುವ ವಿದ್ಯಾರ್ಥಿಗಳು 720ಪಿ ಅಥವಾ 1080ಪಿಗೆ ತಿರುಗಿಸಿಕೊಡುವ ಡಬ್ಬಿಯನ್ನೇ ಕೇಳಬೇಕು, ಅದೂ ಕಾಂಪೊನೆಂಟ್ ಐದು ಪಿನ್ನಿನದು.

ಮೂರನೇ ಜಾತಿ ಗೇಮ್ ಆಡುವವರಿಗೆಂದೇ ಮಾಡಿದ ಸ್ಕೇಲರುಗಳು. ಓಎಸ್‌ಎಸ್‌ಸಿ ಎಂಬ ಮುಕ್ತ ವಿನ್ಯಾಸದ ಡಬ್ಬಿ ಬಂದ ಗೆರೆಗಳನ್ನು ತಕ್ಷಣವೇ ದುಪ್ಪಟ್ಟು, ಮುಪ್ಪಟ್ಟು ಮಾಡಿ ಕಳಿಸುತ್ತದೆ, ವಿಳಂಬ ಇಲ್ಲವೆಂದೇ ಹೇಳಬಹುದು. ಆದರೆ ಇಂಟರ್‌ಲೇಸ್ ಚಿತ್ರದಲ್ಲಿ ಸ್ವಲ್ಪ ಮಿಣುಕಾಟ ಉಳಿಯುತ್ತದೆ, ಪಿಎಸ್2ರ ಆಟಗಳೋ ಹೆಚ್ಚಿನವು ಇಂಟರ್‌ಲೇಸೇ. ರೆಟ್ರೋಟಿಂಕ್ 5ಎಕ್ಸ್ ಇದನ್ನು ಇನ್ನೂ ಜಾಣತನದಿಂದ, ಚಲಿಸುವ ಭಾಗ, ನಿಂತ ಭಾಗ ಬೇರೆ ಮಾಡಿ ಹೊಲಿಯುತ್ತದೆ. 2023ರ ಕೊನೆಗೆ ಬಂದ ರೆಟ್ರೋಟಿಂಕ್ 4ಕೆಗೆ ಬಿಡುಗಡೆಯಲ್ಲಿ 750 ಡಾಲರ್ ಬೆಲೆ ಇತ್ತು. ಅದರ ಮೇಲೆ ಸಾಗಣೆ, ಸುಂಕ. ಅಷ್ಟು ಹಣಕ್ಕೆ ಹೊಸ ಕನ್ಸೋಲೇ ಬರುತ್ತದೆ. ಚಿತ್ರದ ಬಗ್ಗೆ ತೀರಾ ತಲೆಕೆಡಿಸಿಕೊಂಡವರಿಗೆ, ಹಲವು ಹಳೆಯ ಯಂತ್ರಗಳಿರುವವರಿಗೆ ಮಾತ್ರ ನಾನು ಅದನ್ನು ಹೇಳುವುದು. ಸೋಲ್ಡರಿಂಗ್ ಬಲ್ಲವರಿಗೆ ನಡುವಿನ ದಾರಿಯೊಂದಿದೆ. ಜಿಬಿಎಸ್ 8200 ಎಂಬ ಅಗ್ಗದ ಆರ್ಕೇಡ್ ಬೋರ್ಡಿಗೆ ವೈಫೈ ಇರುವ ಇಎಸ್‌ಪಿ 8266 ಚಿಪ್ ಸೇರಿಸಿ 'ಜಿಬಿಎಸ್ ಕಂಟ್ರೋಲ್' ಎಂಬ ಉಚಿತ ತಂತ್ರಾಂಶ ಹಾಕಿದರೆ, ಹೊಲಿಗೆಯಲ್ಲಿ ದುಬಾರಿ ಡಬ್ಬಿಗಳ ಹತ್ತಿರಕ್ಕೆ ಬರುತ್ತದೆ. ಅದರಿಂದ ಬರುವುದು ವಿಜಿಎ, ಆದ್ದರಿಂದ ವಿಜಿಎ ಇಂದ ಎಚ್‌ಡಿಎಂಐಗೆ ಇನ್ನೊಂದು ತುಂಡು ಬೇಕು. ನಮ್ಮ ಬೆಂಗಳೂರಿನ ಎಸ್.ಪಿ. ರೋಡ್ ಬಲ್ಲವರಿಗೆ ಲಾಜಪತ್ ರಾಯ್ ಮಾರ್ಕೆಟ್ ಹೊಸದೆನಿಸುವುದಿಲ್ಲ. ಇಂಥ ಬೋರ್ಡು, ಚಿಪ್ಪು, ಪಿನ್ನು ಕೈಯಾರೆ ನೋಡಿ ತರಲು ಅದೇ ಸರಿಯಾದ ಜಾಗ.

ಯಂತ್ರದ ಒಳಗೇ ಹೋಗಿ, ಚಿತ್ರ ಅಲೆಯಾಗುವ ಮುನ್ನ ಅಂಕಿಯ ರೂಪದಲ್ಲಿದ್ದಾಗಲೇ ಎತ್ತಿಕೊಳ್ಳುವ ಎಚ್‌ಡಿಎಂಐ ಬೋರ್ಡುಗಳೂ ಇವೆ. ನಿಜವಾದ ಡಿಜಿಟಲ್ ಔಟ್‌ಪುಟ್ ಎಂದರೆ ಅದು. ಕೂದಲೆಳೆಯಂಥ ಪಿನ್ನುಗಳಿಗೆ ಸೋಲ್ಡರ್ ಮಾಡಬೇಕು. ಮೊಬೈಲ್ ಬೋರ್ಡ್ ರಿಪೇರಿಯಲ್ಲಿ ಪಳಗಿದ ಕೈಗಳು ಕರೋಲ್ ಬಾಗಿನ ಗಫ್ಫಾರ್ ಮಾರ್ಕೆಟ್ಟಿನಲ್ಲಿ ಇವೆ, ಆದರೆ ಈ ಕೆಲಸ ಹಿಂದೆ ಮಾಡಿದ್ದನ್ನು ತೋರಿಸಿದ ಮೇಲೆಯೇ ಯಂತ್ರ ಕೈಗೆ ಕೊಡಿ.

ತಡ ಎಂದರೆ ಎಷ್ಟು

ಸೆಕೆಂಡಿಗೆ 60 ಚಿತ್ರ ಎಂದರೆ ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡ್. ಪಾಲ್ ಪದ್ಧತಿಯ 50ರಲ್ಲಿ 20. ಟಿವಿ ಚಿತ್ರವನ್ನು ನಯಗೊಳಿಸಲು ನಾಲ್ಕೈದು ಚಿತ್ರಗಳನ್ನು ಹಿಡಿದಿಟ್ಟುಕೊಂಡರೆ ಸೆಕೆಂಡಿನ ಹತ್ತನೇ ಒಂದು ಭಾಗ ಹೋಯಿತು. 'ಕ್ರಿಕೆಟ್ 07'ರಲ್ಲಿ ವೇಗದ ಬೌಲರ್ ಎದುರು ಗುಂಡಿ ಒತ್ತುವಾಗ ಅಷ್ಟು ತಡವೂ ಕಾಡುತ್ತದೆ. ಕೈ ಹಳೆಯದಾಯಿತು, ಆಟ ಮರೆತುಹೋಯಿತು ಎಂದು ಕೊರಗುವವರು ಮೊದಲು ಟಿವಿಯ ಪಿಕ್ಚರ್ ಮೋಡನ್ನು 'ಗೇಮ್'ಗೆ ಬದಲಿಸಿ ನೋಡಲಿ. ಇದು ಉಚಿತ, ಮತ್ತು ಎಷ್ಟೋ ಮನೆಗಳಲ್ಲಿ ಸಾವಿರಾರು ರೂಪಾಯಿಯ ಡಬ್ಬಿಗಿಂತ ಹೆಚ್ಚು ಫಲ ಕೊಡುತ್ತದೆ. ಪಿಎಸ್2 ಹಾಕಿದ ಎಚ್‌ಡಿಎಂಐ ಕಿಂಡಿಗೇ ಈ ಬದಲಾವಣೆ ಅನ್ವಯವಾಗಿದೆಯೇ ಎಂದೂ ನೋಡಿ, ಟಿವಿಗಳು ಪ್ರತಿ ಕಿಂಡಿಗೆ ಬೇರೆ ಬೇರೆ ಸೆಟ್ಟಿಂಗ್ ಇಟ್ಟುಕೊಳ್ಳುತ್ತವೆ. ಚಿತ್ರ ಅಡ್ಡಕ್ಕೆ ಎಳೆದಂತಿದ್ದು ಆಟಗಾರರು ದಪ್ಪಗೆ ಕಂಡರೆ ಟಿವಿಯ ಅಳತೆಯನ್ನು 4:3ಕ್ಕೆ ತನ್ನಿ.

ಆಟ 480ಪಿ, ಅಂದರೆ ಪೂರ್ತಿ ಗೆರೆಗಳ ಚಿತ್ರ ಕೊಡುವಂತಿದ್ದರೆ ಹೊಲಿಗೆಯ ಕಾಟವೇ ತಪ್ಪುತ್ತದೆ. 'ಗ್ರ್ಯಾನ್ ಟುರಿಸ್ಮೋ 4'ರ ಅಮೆರಿಕನ್ ಆವೃತ್ತಿಯಲ್ಲಿ 480ಪಿ, 1080ಐ ಎರಡೂ ಇವೆ. ಕೆಲವು ಆಟಗಳಲ್ಲಿ ಶುರುವಾಗುವಾಗ ತ್ರಿಕೋನ ಮತ್ತು ಎಕ್ಸ್ ಗುಂಡಿ ಒಟ್ಟಿಗೆ ಹಿಡಿದರೆ ಆಯ್ಕೆ ಬರುತ್ತದೆ. ನಮ್ಮಲ್ಲಿ ಮಾರಾಟವಾದ ಪಾಲ್ ಡಿಸ್ಕುಗಳಲ್ಲಿ ಈ ಸೌಲಭ್ಯವನ್ನು ಬಹಳ ಕಡೆ ತೆಗೆದುಹಾಕಿದ್ದರು ಎಂಬುದು ಬೇಸರದ ಸಂಗತಿ. ಅಮೆರಿಕದಿಂದ ಬಂದ ನೆಂಟರು ತಂದ ಯಂತ್ರವಾದರೆ ಇನ್ನೊಂದು ಎಚ್ಚರ: ಅಲ್ಲಿಯ ದಪ್ಪ ಮಾದರಿಯ ಪಿಎಸ್2 120 ವೋಲ್ಟಿನದು. ನಮ್ಮ 230 ವೋಲ್ಟಿನ ಪ್ಲಗ್ಗಿಗೆ ಹಾಕಿದ ಕ್ಷಣಕ್ಕೇ ಸುಡುತ್ತದೆ. ಹಿಂಭಾಗದ ಚೀಟಿ ಓದದೆ ಯಾವುದನ್ನೂ ಹಚ್ಚಬೇಡಿ.

ಬೇರೆ ಯಂತ್ರಗಳಲ್ಲಿ

ಡಿಜಿಟಲ್ ಚಿತ್ರವನ್ನು ಮೊದಲೇ ಯೋಚಿಸಿದ್ದ ಕನ್ಸೋಲ್ ಒಂದಿದೆ, ನಿಂಟೆಂಡೋದ ಗೇಮ್‌ಕ್ಯೂಬ್. 2001ರಲ್ಲಿ ಬಂದ ಅದರ ಬೆನ್ನಿಗೆ ಎರಡು ಕಿಂಡಿ ಇದ್ದವು, ಒಂದು ಅನಲಾಗ್, ಇನ್ನೊಂದು 'ಡಿಜಿಟಲ್ ಎವಿ ಔಟ್'. ಸೋಜಿಗವೆಂದರೆ ನಿಂಟೆಂಡೋ ಮಾರಿದ ಕಾಂಪೊನೆಂಟ್ ಕೇಬಲ್ ಆ ಡಿಜಿಟಲ್ ಚಿತ್ರವನ್ನು ಪ್ಲಗ್ಗಿನೊಳಗಿನ ಚಿಪ್ಪಿನಲ್ಲಿ ಮತ್ತೆ ಅನಲಾಗ್ ಮಾಡುತ್ತಿತ್ತು. ಕೊಂಡವರು ಕಡಿಮೆ. ಹಾಗಾಗಿ 2004ರ ಹೊತ್ತಿಗೆ ಕಂಪನಿ ಆ ಕಿಂಡಿಯನ್ನೇ ತೆಗೆದುಬಿಟ್ಟಿತು. ಮುಂದೆ ಜಿಸಿ ವಿಡಿಯೋ ಎಂಬ ಮುಕ್ತ ವಿನ್ಯಾಸ ಬಂದು, ಈಗ ಆ ಕಿಂಡಿಗೆ ಸಿಗಿಸಿದರೆ ನೇರ ಎಚ್‌ಡಿಎಂಐ ಬರುವ ತುಂಡುಗಳು ಸಿಗುತ್ತವೆ. ಎರಡು ಕಿಂಡಿಯ ಗೇಮ್‌ಕ್ಯೂಬ್ ಎಲ್ಲಿಯಾದರೂ ಸಿಕ್ಕರೆ ಬಿಡಬೇಡಿ. ನಿಂಟೆಂಡೋದ್ದೇ ಆದ ವೀ ಯಂತ್ರಕ್ಕೆ ಸಿಗುವ ಎಚ್‌ಡಿಎಂಐ ತುಂಡು ಕಾಂಪೊನೆಂಟ್ ಸಿಗ್ನಲ್ ಬಳಸುವಂಥದು. ಹಾಕಿದ ಮೇಲೆ ವೀ ಸೆಟ್ಟಿಂಗ್ಸ್‌ನಲ್ಲಿ 480ಪಿ ಆರಿಸಲು ಮರೆಯಬೇಡಿ. 2005ರ ಮೊದಲ ಎಕ್ಸ್‌ಬಾಕ್ಸ್ 360ಗಳಿಗೆ ಎಚ್‌ಡಿಎಂಐ ಇರಲಿಲ್ಲ, 2007ರಿಂದ ಬಂತು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಬೆನ್ನು ತಿರುಗಿಸಿ ನೋಡಿದರೆ ಸಾಕು.

ಪಿಎಸ್2 ಡಿಸ್ಕುಗಳನ್ನು ಎಚ್‌ಡಿಎಂಐನಲ್ಲಿ ಆಡಲು ಇನ್ನೊಂದು ಉಪಾಯ 2007ರಲ್ಲಿ ಇಲ್ಲಿಗೆ ಬಂದ ಮೊದಲ ಪಿಎಸ್3. ಮುಂದುಗಡೆ ನಾಲ್ಕು ಯುಎಸ್‌ಬಿ ತೂತಿರುವ 60 ಜಿಬಿ ಮಾದರಿ ಹೆಚ್ಚಿನ ಪಿಎಸ್2 ಆಟಗಳನ್ನು ಓದುತ್ತದೆ. ಎರಡೇ ತೂತಿರುವ ಆಮೇಲಿನವು ಓದುವುದಿಲ್ಲ. ಆದರೆ ಈ ಮೊದಲ ಮಾದರಿ ಕಾದು ಕೆಡುವುದಕ್ಕೆ ಹೆಸರಾದದ್ದು. ದಿಲ್ಲಿಯ ಮೇ ಜೂನಿನ ಸೆಖೆಯಲ್ಲಿ ಅದನ್ನು ಮುಚ್ಚಿದ ಕಪಾಟಿನೊಳಗೆ ಇಡಬೇಡಿ, ಮತ್ತು ದೊಡ್ಡ ಬೆಲೆ ತೆರಬೇಡಿ. ಒಳ್ಳೆಯ ಕಂಪ್ಯೂಟರ್ ಇರುವವರು ತಮ್ಮದೇ ಯಂತ್ರದ ಬಯೋಸ್, ತಮ್ಮದೇ ಡಿಸ್ಕ್ ಬಳಸಿ ಪಿಸಿಎಸ್‌ಎಕ್ಸ್2 ಎಂಬ ಉಚಿತ ತಂತ್ರಾಂಶದಲ್ಲಿ ಆಡಬಹುದು. ಚಿತ್ರದ ಸ್ಪಷ್ಟತೆಯೊಂದೇ ಮುಖ್ಯವೆಂದರೆ ಮೂಲ ಯಂತ್ರವೂ ಇದರ ಸಮಕ್ಕೆ ಬರುವುದಿಲ್ಲ.

ಹೊಸ ಕನ್ಸೋಲುಗಳ ತಾಪತ್ರಯ ಬೇರೆ. ಅಲ್ಲಿ ಚಿತ್ರ ಮೊದಲಿನಿಂದ ಕೊನೆಯವರೆಗೂ ಡಿಜಿಟಲ್ಲೇ, ಸಾಲದೆ ಬರುವುದು ದಾರಿಯ ಅಗಲ. 1080ಪಿ 60ಕ್ಕೆ ಸೆಕೆಂಡಿಗೆ ಸುಮಾರು 4.5 ಗಿಗಾಬಿಟ್ ಸಾಕು, 4ಕೆ 60ಕ್ಕೆ 17.8 ಬೇಕು. 4ಕೆ 120ಕ್ಕೆ ಪೂರ್ತಿ ಬಣ್ಣದೊಂದಿಗೆ ಸುಮಾರು 40. ಎಚ್‌ಡಿಎಂಐ 2.0ರ ಮಿತಿ 18, 2.1ರದು 48. ಪಿಎಸ್5 ತಾನೇ 32ಕ್ಕೆ ನಿಲ್ಲಿಸಿಕೊಳ್ಳುತ್ತದೆ, ಅದಕ್ಕಾಗಿ 4ಕೆ 120ರಲ್ಲಿ ಬಣ್ಣದ ವಿವರವನ್ನು ಕೊಂಚ ಕಡಿಮೆ ಮಾಡುತ್ತದೆ, ಕಣ್ಣಿಗೆ ಅದು ಗೊತ್ತಾಗುವುದು ಕಷ್ಟ. ಯಂತ್ರದ ಜೊತೆ ಬಂದ ಕೇಬಲ್ಲನ್ನೇ ಬಳಸಿ. ಬೇರೆ ಕೊಳ್ಳಲೇಬೇಕಾದರೆ 'ಅಲ್ಟ್ರಾ ಹೈ ಸ್ಪೀಡ್' ಎಂಬ ಚೀಟಿ ಮತ್ತು ಫೋನಿನಲ್ಲಿ ಸ್ಕ್ಯಾನ್ ಮಾಡಬಹುದಾದ ಗುರುತು ಇರುವುದನ್ನು ಆರಿಸಿ. '8ಕೆ' ಎಂದು ಬರೆದ ಮಾತ್ರಕ್ಕೆ ನಂಬಬೇಡಿ. ಟಿವಿ ಕೊಳ್ಳುವಾಗ ನಾಲ್ಕು ಕಿಂಡಿಗಳಲ್ಲಿ ಎಷ್ಟು 4ಕೆ 120 ಒಪ್ಪುತ್ತವೆ ಎಂದು ಕೇಳಿ. ಅನೇಕ ಮಾದರಿಗಳಲ್ಲಿ ಅಂಥವು ಎರಡೇ, ಅದರಲ್ಲೊಂದು ಸೌಂಡ್‌ಬಾರಿಗೆ ಬೇಕಾದ ಇಎಆರ್‌ಸಿ ಕಿಂಡಿ. ಕಿಂಡಿ ಸರಿಯಿದ್ದರೂ ಟಿವಿಯ ಮೆನುವಿನಲ್ಲಿ ಆ ಕಿಂಡಿಗೆ 'ಎನ್‌ಹಾನ್ಸ್ಡ್' ಎಂಬರ್ಥದ ಆಯ್ಕೆ ಆನ್ ಮಾಡದಿದ್ದರೆ ಕನ್ಸೋಲಿಗೆ ಅದು ಹಳೆಯ ಟಿವಿಯಂತೆಯೇ ಕಾಣುತ್ತದೆ. ಪರದೆ ಆಗಾಗ ಕಪ್ಪಾಗುತ್ತಿದ್ದರೆ ಪಿಎಸ್5ರ ವಿಡಿಯೋ ಔಟ್‌ಪುಟ್ ಮೆನುವಿನಲ್ಲಿ '4ಕೆ ವಿಡಿಯೋ ಟ್ರಾನ್ಸ್‌ಫರ್ ರೇಟ್' ಅನ್ನು ಒಂದು ಮೆಟ್ಟಿಲು ಇಳಿಸಿ. ನಿಂಟೆಂಡೋ ಸ್ವಿಚ್ ಟಿವಿಗೆ ಚಿತ್ರ ಕೊಡಬೇಕಾದರೆ ಅದರ ಡಾಕ್‌ಗೆ 15 ವೋಲ್ಟ್ ಕೊಡುವ ಚಾರ್ಜರೇ ಬೇಕು, ಫೋನಿನ ಮಾಮೂಲಿ ಚಾರ್ಜರ್ ಹಾಕಿ ಟಿವಿ ಕೆಟ್ಟಿದೆ ಎಂದುಕೊಳ್ಳುವವರು ಇದ್ದಾರೆ.

ಅರ್ಥಿಂಗ್, ಮತ್ತು ಮಾರ್ಕೆಟ್ಟಿಗೆ ಹೋಗುವಾಗ

ಎಚ್‌ಡಿಎಂಐ ಕಿಂಡಿ ಸುಟ್ಟುಹೋಗಲು ಕೇಬಲ್ ಅಷ್ಟೇ ಅಲ್ಲ, ಗೋಡೆಯ ಪ್ಲಗ್ಗೂ ಕಾರಣವಾಗಬಹುದು. ಪಿಎಸ್5ರದೂ ಎಷ್ಟೋ ಟಿವಿಗಳದೂ ಎರಡು ಪಿನ್ನಿನ ವೈರು. ಅವುಗಳ ಒಳಗಿನ ಫಿಲ್ಟರ್ ಕೆಪ್ಯಾಸಿಟರಿನಿಂದಾಗಿ ಲೋಹದ ಭಾಗದ ಮೇಲೆ ಸಣ್ಣ ಸೋರಿಕೆ ವೋಲ್ಟೇಜ್ ಕೂತಿರುತ್ತದೆ, ಮುಟ್ಟಿದಾಗ ಜುಮ್ಮೆನ್ನುವುದು ಅದೇ. ಕನ್ಸೋಲ್, ಟಿವಿ ಎರಡೂ ಹೀಗೆ ತೇಲುತ್ತಿರುವಾಗ ಎಚ್‌ಡಿಎಂಐ ಪ್ಲಗ್ ಸಿಗಿಸಿದರೆ ಆ ವ್ಯತ್ಯಾಸ ಸಣ್ಣ ಸಿಗ್ನಲ್ ಪಿನ್ನುಗಳ ಮೂಲಕ ಹರಿಯಬಹುದು. ಮೂರು ಪಿನ್ನಿನ ಕಂಪ್ಯೂಟರ್, ಡಿಶ್ಶಿನ ಕೇಬಲ್ ಬಂದ ಸೆಟ್‌ಟಾಪ್ ಬಾಕ್ಸ್ ಜೊತೆಗಿದ್ದರೆ ಅಪಾಯ ಹೆಚ್ಚು. ಹಳೆಯ ಬಾಡಿಗೆ ಮನೆಗಳಲ್ಲಿ ಮೂರನೇ ತೂತಿನ ಹಿಂದೆ ಅರ್ಥ್ ತಂತಿಯೇ ಇರದಿರುವುದುಂಟು, ಎಲೆಕ್ಟ್ರಿಷಿಯನ್ ಕರೆಸಿ ಒಮ್ಮೆ ಪರೀಕ್ಷಿಸಿ. ಕನ್ಸೋಲ್, ಟಿವಿ, ಪರಿವರ್ತಕದ ಚಾರ್ಜರ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಮೊದಲು ಚಿತ್ರದ ಕೇಬಲ್ಲುಗಳನ್ನೆಲ್ಲ ಸಿಗಿಸಿ, ಆಮೇಲೆ ಸ್ವಿಚ್ ಹಾಕಿ. ಕಳಚುವಾಗ ಇದರ ಹಿಮ್ಮುಖ.

ಹೊರಡುವಾಗ ಚೀಲದಲ್ಲಿ ಇರಬೇಕಾದ್ದು: ಪಿಎಸ್2, ಅದರ ಪವರ್ ವೈರ್, ಮಾಮೂಲಿ ಎವಿ ಕೇಬಲ್, ಒಂದು ಜಾಯ್‌ಸ್ಟಿಕ್, ಕೆಂಪು ಅಕ್ಷರಗಳು ಹೆಚ್ಚಿರುವ ಒಂದು ಡಿಸ್ಕ್. ಲಾಜಪತ್ ರಾಯ್ ಮಾರ್ಕೆಟ್ಟಿಗೆ ವಯಲೆಟ್ ಲೈನಿನ ಲಾಲ್ ಕಿಲಾ ನಿಲ್ದಾಣ ಹತ್ತಿರ. ಹಳೆಯ ಆಟ, ಸೆಕೆಂಡ್ ಹ್ಯಾಂಡ್ ಕನ್ಸೋಲ್ ಹುಡುಕುವವರು ರಾಜೀವ್ ಚೌಕದಲ್ಲಿಳಿದು ಪಾಲಿಕಾ ಬಜಾರಿಗೆ ಹೋಗಿ. ಕಂಪ್ಯೂಟರಿಗೆ ಸಂಬಂಧಿಸಿದ ತುಂಡು, ಮಾನಿಟರ್‌ಗೆ ನೆಹರೂ ಪ್ಲೇಸ್. ಮೂರು ಕಡೆಯೂ ಭಾನುವಾರ ಸಾಮಾನ್ಯವಾಗಿ ರಜೆ. ಶನಿವಾರ ಬೆಳಿಗ್ಗೆ ಅಂಗಡಿ ತೆಗೆದ ಹೊತ್ತಿಗೆ ಹೋದರೆ ಹಚ್ಚಿ ತೋರಿಸುವ ತಾಳ್ಮೆ ಅವರಿಗೂ ಇರುತ್ತದೆ. "ಗ್ಯಾರಂಟಿ ನಹೀಂ, ಚೆಕ್ ಕರ್‌ಕೇ ಲೇ ಜಾಓ" ಎಂದರೆ ಆ ಮಾತನ್ನೇ ಹಿಡಿದು, ಬಿಲ್ ಬರೆಯುವ ಮುನ್ನ ಕಾಂಪೊನೆಂಟ್ ಪರೀಕ್ಷೆ ಮಾಡಿ.